ಜರ್ಮನ್ ಪರೀಕ್ಷೆ: ಪದ ಸಿಕ್ಕರೆ ಉತ್ತರ ಸಿಕ್ಕಂತೆಯೇ?

‘ಪ್ರಶ್ನೆಯಲ್ಲಿರುವ ಪದವನ್ನು ಪಠ್ಯದಲ್ಲಿ ಹುಡುಕಿ, ಉತ್ತರ ಅಲ್ಲೇ ಇರುತ್ತದೆ.’ ಜರ್ಮನ್ ಕಲಿಯುವವರಿಗೆ ಆಗಾಗ ಸಿಗುವ ಸಲಹೆ ಇದು. ಅರ್ಧ ಮಾತ್ರ ನಿಜ.

ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯನ್ನೇ ನೋಡೋಣ. ಓದುವ ವಿಭಾಗದಲ್ಲಿ 30 ಪ್ರಶ್ನೆ, 65 ನಿಮಿಷ. ಪಾಸಾಗಲು 100ಕ್ಕೆ 60 ಬೇಕು. ನಿಘಂಟು ಬಳಸುವಂತಿಲ್ಲ. ಪದ ಹುಡುಕಿದರೆ ಉತ್ತರ ಯಾವ ಸಾಲಿನಲ್ಲಿದೆ ಎಂದು ತಿಳಿಯುತ್ತದೆ, ಅಷ್ಟೇ. ‘ಕಿಂಡರ್ ತ್ಸಾಲೆನ್ ನಿಖ್ಟ್ಸ್, ಔಸರ್ ಆಮ್ ವೋಖೆನ್‌ಎಂಡೆ’ ಎಂದರೆ ಮಕ್ಕಳಿಗೆ ದುಡ್ಡಿಲ್ಲ, ವಾರಾಂತ್ಯದ ಹೊರತು. ‘ಶನಿವಾರ ಮಕ್ಕಳಿಗೆ ಉಚಿತ’ ಸರಿಯೇ ಎಂದು ಕೇಳಿದರೆ? ‘ಕಿಂಡರ್’ ಕಂಡ ಖುಷಿಯಲ್ಲಿ ‘ಔಸರ್’ ಬಿಟ್ಟವರು ಹೌದು ಎನ್ನುತ್ತಾರೆ. ಹಾಗಾಗಿ ಔಸರ್, ನುರ್, ಕೈನ್‌ನಂಥ ಪುಟ್ಟ ಪದಗಳಿಗೆ ಗೆರೆ ಎಳೆಯುತ್ತಾ ಓದಿ ಎನ್ನುತ್ತೇವೆ ನಾವು.

ಮೂರನೇ ಭಾಗದಲ್ಲಿ 7 ಸನ್ನಿವೇಶಗಳಿಗೆ ಜಾಹೀರಾತು ಹೊಂದಿಸಬೇಕು. ಒಂದಕ್ಕೆ ಹೊಂದುವ ಜಾಹೀರಾತೇ ಇರುವುದಿಲ್ಲ. ಅಲ್ಲಿ 0 ಬರೆಯಬೇಕು. ಒತ್ತಾಯದಿಂದ ಹೊಂದಿಸಿದರೆ ಅಂಕ ಹೋಯಿತು.

ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಉತ್ತರ ಹಾಳೆಗೆ ಬರೆಯುವ ಸಮಯವೂ ಆ 65 ನಿಮಿಷದಲ್ಲೇ ಸೇರಿದೆ. ಇನ್ನು ‘ಲೀಕ್ ಆದ ಪೇಪರ್’ಗೆ ದುಡ್ಡು ಕೇಳುವವರಿದ್ದಾರಲ್ಲ, ಅವರಿಗೆ ಕೊಡಬೇಡಿ, ಮಾದರಿ ಪತ್ರಿಕೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ಈ ವಿಭಾಗದಲ್ಲಷ್ಟೇ ಫೇಲಾದರೆ ಇದೊಂದನ್ನೇ ಮತ್ತೆ ಬರೆಯಬಹುದು.