ಅರಮನೆಯ ಕಥೆ, ಬೊಕ್ಕಸದ ಲೆಕ್ಕ

ಐತಿಹಾಸಿಕ ಕಾದಂಬರಿಗಳನ್ನು ಇಷ್ಟಪಟ್ಟು ಓದುವವರನ್ನು ಕುರಿತು ನಮ್ಮ ವಿದ್ಯಾವಂತ ವಲಯದಲ್ಲಿ ಮೊದಲಿನಿಂದಲೂ ಒಂದು ಬಗೆಯ ಉಪೇಕ್ಷೆಯಿದೆ. ರಾಜ, ರಾಣಿ, ಕೋಟೆ, ಕತ್ತಿ, ಪ್ರಣಯ ಇವೆಲ್ಲ ಹರೆಯದ ಓದು. ವಯಸ್ಸಾದಂತೆ ಬಿಟ್ಟುಹೋಗಬೇಕಾದದ್ದು ಎಂಬ ಭಾವನೆ. ನಿವೃತ್ತಿಯ ನಂತರ ಅದನ್ನೇ ಹೆಚ್ಚಾಗಿ ಓದುತ್ತಿರುವ ನನಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಈ ಪ್ರಕಾರದ ಒಳ್ಳೆಯ ಕೃತಿಗಳು ಪ್ರಣಯದ ನೆಪದಲ್ಲಿ ನಮಗೆ ತಿಳಿಸುವುದು ಬಹುಪಾಲು ಆಸ್ತಿಯ, ಆದಾಯದ ಮತ್ತು ಅಧಿಕಾರದ ವಿಚಾರವನ್ನೇ.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನೇ ನೋಡಿ. ಅದು ಆಕೆಗೆ ಐತಿಹಾಸಿಕವಾಗಿರಲಿಲ್ಲ, ಸಮಕಾಲೀನವಾಗಿತ್ತು. ಗತಕಾಲದ ಸೊಬಗು ನಮ್ಮ ಪಾಲಿಗೆ ಬಂದದ್ದು. ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡು ವರಮಾನ. ಬೆನೆಟ್ ಕುಟುಂಬಕ್ಕೆ ಎರಡು ಸಾವಿರ, ಆದರೆ ಜಮೀನು ಹೆಣ್ಣುಮಕ್ಕಳಿಗೆ ಹೋಗದೆ ದಾಯಾದಿಗೆ ಸೇರಬೇಕು. ಐವರು ಹೆಣ್ಣುಮಕ್ಕಳ ಮದುವೆಯ ಚಿಂತೆಯೆಲ್ಲ ಈ ಒಂದು ಉತ್ತರಾಧಿಕಾರ ನಿಯಮದಿಂದಲೇ ಹುಟ್ಟುತ್ತದೆ. 1995ರಲ್ಲಿ ಬಿಬಿಸಿ ಇದನ್ನು ಆರು ಕಂತುಗಳ ಧಾರಾವಾಹಿಯಾಗಿ ತೋರಿಸಿದಾಗ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದದ್ದು ಡಾರ್ಸಿ ಕೊಳದಲ್ಲಿ ಈಜಿ ಒದ್ದೆ ಅಂಗಿಯಲ್ಲಿ ಎದುರಾಗುವ ದೃಶ್ಯ. ಮೂಲ ಕಾದಂಬರಿಯಲ್ಲಿ ಆ ದೃಶ್ಯವೇ ಇಲ್ಲ! 2010ರಿಂದ 2015ರವರೆಗೆ ಪ್ರಸಾರವಾದ 'ಡೌನ್‌ಟನ್ ಅಬಿ'ಯ ಕಥೆ ಹೊರಡುವುದೂ ಆಸ್ತಿ ಯಾರಿಗೆ ಸೇರಬೇಕೆಂಬ ಪ್ರಶ್ನೆಯಿಂದಲೇ: 1912ರಲ್ಲಿ ಟೈಟಾನಿಕ್ ಮುಳುಗಿ ವಾರಸುದಾರರು ಸಾಯುತ್ತಾರೆ. 2020ರಲ್ಲಿ ಆರಂಭವಾದ 'ಬ್ರಿಜರ್‌ಟನ್'ನಲ್ಲಿ ಉಡುಪೇ ಮುಖ್ಯ. ಅದನ್ನು ಉಡುಪಿಗಾಗಿಯೇ ನೋಡಿದರೂ ತಪ್ಪೇನಿಲ್ಲ.

ಕನ್ನಡದಲ್ಲಿ ಈ ಪ್ರಕಾರದ ಅತ್ಯುತ್ತಮ ಕೃತಿ ಯಾವುದೆಂದರೆ ನಾನು ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನೇ ಹೇಳುತ್ತೇನೆ. 1956ರಲ್ಲಿ ಪ್ರಕಟವಾದ ಈ ಕಾದಂಬರಿಯ ಲೇಖಕರಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ಸುಮಾರು ಮೂರು ದಶಕ ಅಧಿಕಾರಿಯಾಗಿದ್ದವರು. ಒಂದು ಆಡಳಿತ ಒಳಗಿನಿಂದ ಹೇಗೆ ಸಡಿಲಗೊಳ್ಳುತ್ತದೆ ಎಂಬುದನ್ನು ಅವರು ಬಲ್ಲರು ಎಂಬುದಕ್ಕೆ ಕಾದಂಬರಿಯ ಪುಟಪುಟವೂ ಸಾಕ್ಷಿ. ಅಲ್ಲಿ ದೊಡ್ಡ ಯುದ್ಧವಿಲ್ಲ. ರಾಜನ ಬಳಿಗೆ ಹೋಗಬೇಕಾದರೆ ಕುಂಟ ಬಸವನ ಮೂಲಕವೇ ಹೋಗಬೇಕು. ಬೋಪಣ್ಣ, ಲಕ್ಷ್ಮೀನಾರಾಯಣಯ್ಯನವರಂಥ ಮಂತ್ರಿಗಳು ನಿಷ್ಠೆಗೂ ನ್ಯಾಯಕ್ಕೂ ನಡುವೆ ಸಿಕ್ಕಿ ಒದ್ದಾಡುತ್ತಾರೆ. ರಾಣಿ ಗೌರಮ್ಮ ಎಲ್ಲವನ್ನೂ ತಡೆಹಿಡಿಯಲು ಹೆಣಗುತ್ತಾಳೆ. ಇಂಗ್ಲಿಷರು ಸೌಜನ್ಯದ ಪತ್ರ ಬರೆಯುತ್ತಾ ಕಾಯುತ್ತಾರೆ. 1834ರಲ್ಲಿ ಕೊಡಗು ಕಂಪನಿಯ ವಶವಾಗುವಾಗ ಓದುಗನಿಗೆ ಆಶ್ಚರ್ಯವಾಗುವುದಿಲ್ಲ, ಸಂಕಟವಾಗುತ್ತದೆ.

ಆ ರಾಜನ ಮುಂದಿನ ಕಥೆಯೂ ಕಡಿಮೆ ಸ್ವಾರಸ್ಯದ್ದಲ್ಲ. ಕಾಶಿಯಲ್ಲಿ ಕಾಲ ಕಳೆದು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಮಗಳು ಅದೇ ವರ್ಷ ಕ್ರೈಸ್ತ ದೀಕ್ಷೆ ಪಡೆದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಆಸ್ಥಾನದ ಚಿತ್ರಕಾರರಿಗೆ ಬೇಕಾದ ದೃಶ್ಯವೆಲ್ಲ ಇಲ್ಲಿದೆ. ಆದರೆ ತಂದೆಯ ಗಮನವಿದ್ದದ್ದು ಮನೆತನದ ಹಣದ ಮೇಲೆ. ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಆ ಹಣಕ್ಕಾಗಿ ಆತ ಕಂಪನಿಯ ಮೇಲೆಯೇ ದಾವೆ ಹೂಡಿದ. ಅದು ಕೈಗೆ ಬಾರದೆಯೇ 1859ರಲ್ಲಿ ಅಲ್ಲಿಯೇ ತೀರಿಕೊಂಡ. ರಾಜ್ಯವನ್ನು ಕಿತ್ತುಕೊಂಡವರಿಗೆ ಅವನ ಮನೆತನವೇ ಸಾಲ ಕೊಟ್ಟಿತ್ತೆಂಬುದು ಯಾವ ಕಾದಂಬರಿಕಾರನ ಕಲ್ಪನೆಗೂ ಮೀರಿದ ವ್ಯಂಗ್ಯ.

ತ.ರಾ.ಸು. ಅವರದು ಬೇರೆಯೇ ಹದ. 'ಕಂಬನಿಯ ಕುಯಿಲು'ವಿನಿಂದ 'ದುರ್ಗಾಸ್ತಮಾನ'ದವರೆಗೆ ಅವರು ಚಿತ್ರದುರ್ಗದ ನಾಯಕರನ್ನು ಮನೆಯವರಂತೆ ಪ್ರೀತಿಸಿ ಬರೆದರು. 1779ರಲ್ಲಿ ದುರ್ಗ ಹೈದರಾಲಿಯ ವಶವಾದದ್ದನ್ನು ಓದುತ್ತಾ ಕಣ್ಣೀರು ಹಾಕಿದವರು ನನ್ನ ತಲೆಮಾರಿನಲ್ಲಿ ಬಹಳ ಮಂದಿ. ಮಾತಿನ ಅಬ್ಬರ ಕೆಲವೆಡೆ ಅತಿಯಾಯಿತು ಎನಿಸುವುದುಂಟು. ಆದರೂ ಕೋಟೆಯೆಂದರೆ ಬರೀ ಬುರುಜು, ಬಾಗಿಲಲ್ಲ. ಕಣಜ, ಹೊಂಡ, ಮದ್ದಿನ ಮನೆ ಎಂಬ ಅರಿವು ದುರ್ಗವನ್ನು ಹತ್ತಿದ ಓದುಗರಿಗೆ ಬಂದದ್ದು ಆ ಪುಸ್ತಕಗಳಿಂದ. ಲೇಖಕರು 1984ರಲ್ಲಿ ನಿಧನರಾದರು. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 'ದುರ್ಗಾಸ್ತಮಾನ'ಕ್ಕೆ ಬಂದಿತು.

ತೊಡಕು ಆರಂಭವಾಗುವುದು ಕಥೆಯೇ ಚರಿತ್ರೆಯ ಸ್ಥಾನದಲ್ಲಿ ಕುಳಿತಾಗ. ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ ಇದಕ್ಕೆ ದೊಡ್ಡ ನಿದರ್ಶನ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಪ್ರಸಾರದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದು ಕಲ್ಪಿತ ಕಥೆ, ಟಿಪ್ಪುವಿನ ಜೀವನಕ್ಕಾಗಲಿ ಆಳ್ವಿಕೆಗಾಗಲಿ ಸಂಬಂಧಿಸಿದ್ದಲ್ಲ ಎಂಬ ಒಕ್ಕಣೆಯೊಡನೆ ಅದು ಪ್ರಸಾರವಾಗಬೇಕಾಯಿತು. ಶೀರ್ಷಿಕೆಯಲ್ಲಿ ಟಿಪ್ಪು, ಪರದೆಯ ಮೇಲೆ ಟಿಪ್ಪು, ಆದರೆ ಟಿಪ್ಪುವಿಗೆ ಸಂಬಂಧವಿಲ್ಲ! ಇಂಥ ಒಕ್ಕಣೆ ಯಾರ ಅಭಿಪ್ರಾಯವನ್ನೂ ಬದಲಿಸುವುದಿಲ್ಲ. ಸರ್ಕಾರಿ ಆದೇಶಗಳ ಅಡಿಟಿಪ್ಪಣಿಗಳನ್ನು ಬಹುಕಾಲ ಬರೆದ ಅನುಭವದಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ.

ಇದಕ್ಕಿಂತ ಉಪಯುಕ್ತವಾದ ದಾರಿಯೊಂದಿದೆ. ಜನಪ್ರಿಯ ಐತಿಹಾಸಿಕ ಕಾದಂಬರಿಗಳು ಮರುಮುದ್ರಣಗೊಳ್ಳುವಾಗ, ಆ ವಿಷಯದಲ್ಲಿ ಶಾಸನಗಳೂ ದಾಖಲೆಗಳೂ ಹೇಳುವುದನ್ನು ನಾಲ್ಕಾರು ಪುಟಗಳಲ್ಲಿ ಕೊನೆಗೆ ಸೇರಿಸಬಹುದು. ಬಿ.ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಮೊದಲ ಸಂಪುಟ ಬಂದದ್ದು 1886ರಲ್ಲಿ, ಅದೂ ಕೊಡಗಿನ ಶಾಸನಗಳದ್ದು. ಆ ಸಂಪುಟಗಳು ಗ್ರಂಥಾಲಯಗಳಲ್ಲಿವೆ; ತೆರೆಯುವವರು ಸಂಶೋಧಕರು ಮಾತ್ರ.

ಶಾಂತಲೆಯ ವಿಷಯದಲ್ಲಿ ಇದು ಬಹಳ ಅಗತ್ಯ. ವ್ಯಾಯಾಮ ಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಆಕೆಯನ್ನು ಕುರಿತು ಒಂದು ಕಾದಂಬರಿ ಬರೆದರು; ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ಮೂರ್ತಿದೇವಿ ಪ್ರಶಸ್ತಿ ಪಡೆಯಿತು. ಶಿವಗಂಗೆಗೆ ಹೋದವರಿಗೆ ಇಂದಿಗೂ ಆಕೆ ಬೆಟ್ಟದಿಂದ ಧುಮುಕಿದ ಜಾಗವನ್ನು ತೋರಿಸುತ್ತಾರೆ. ಶ್ರವಣಬೆಳಗೊಳದ ಶಾಸನದಲ್ಲಿ ಧುಮುಕಿದ ಮಾತಿಲ್ಲ. 1131ರಲ್ಲಿ ಶಿವಗಂಗೆಯಲ್ಲಿ ಆಕೆ ಸ್ವರ್ಗಸ್ಥಳಾದಳೆಂದು, ಆ ದುಃಖದಲ್ಲಿ ತಾಯಿ ಮಾಚಿಕಬ್ಬೆ ವ್ರತ ಹಿಡಿದು ದೇಹ ಬಿಟ್ಟಳೆಂದು ಅಲ್ಲಿದೆ. ಅದೇ ಬೆಳಗೊಳದಲ್ಲಿ 1123ರಲ್ಲಿ ಆಕೆ ಕಟ್ಟಿಸಿದ ಬಸದಿಗೆ 'ಸವತಿಗಂಧವಾರಣ' ಎಂಬ ಹೆಸರು, ಅಂದರೆ ಸವತಿಯರಿಗೆ ಮದ್ದಾನೆ. ಪ್ರಣಯ ಕಥೆ ಬರೆಯುವವರಿಗೆ ಆ ಬಿರುದೊಂದೇ ಸಾಕು. ಬಸದಿಯ ಪೂಜೆಗೆ, ಅಲ್ಲಿನ ಮುನಿಗಳ ಆಹಾರಕ್ಕೆ ಒಂದು ಗ್ರಾಮದ ಉತ್ಪನ್ನವನ್ನು ದತ್ತಿ ಬಿಟ್ಟದ್ದನ್ನೂ ಶಾಸನ ಹೇಳುತ್ತದೆ. ಆ ಗ್ರಾಮದ ಒಕ್ಕಲುಗಳನ್ನು ಕುರಿತು ಇನ್ನೂ ಯಾರೂ ಕಾದಂಬರಿ ಬರೆದಂತಿಲ್ಲ.