ಕೊಟ್ಟಿಗೆಯ ಗಾಳಿಕಿಂಡಿ ತಂತಿ ಎಳೆಯುವ ದಾರಿಯಲ್ಲ



ಹಿಂದೆ ಕೊಟ್ಟಿಗೆಯಲ್ಲಿ ವಿದ್ಯುತ್ ಎಂದರೆ ಒಂದು ಬಲ್ಬು ಮಾತ್ರ. ಈಗ ಸೌರದೀಪ, ಬ್ಯಾಟರಿ, ಕ್ಯಾಮೆರಾ, ಸೋಲಾರ್ ಬೇಲಿ, ಹಾಲು ಕರೆಯುವ ಯಂತ್ರ ಎಲ್ಲವೂ ಬಂದಿವೆ. ಮನೆಯಿಂದ ಕೊಟ್ಟಿಗೆಗೆ ತಂತಿ ಎಳೆಯುವಾಗ ಗೋಡೆ ಕೊರೆಯುವ ಶ್ರಮವೇಕೆ ಎಂದು ಗಾಳಿಕಿಂಡಿಯಲ್ಲೋ, ಅಟ್ಟದ ಸಂದಿಯಲ್ಲೋ ತೂರಿಸುವುದು ವಾಡಿಕೆ. ಕೇಳಿದರೆ "ಇದು ಕಡಿಮೆ ವೋಲ್ಟಿನ ತಂತಿ, ಏನೂ ಆಗುವುದಿಲ್ಲ" ಎನ್ನುವ ಉತ್ತರ ಬರುತ್ತದೆ. ಈ ಮಾತು ಎಷ್ಟು ಸರಿ ಎಂಬುದನ್ನು ಇಲ್ಲಿ ನೋಡೋಣ.

ಕಡಿಮೆ ವೋಲ್ಟ್ ಎಂದರೆ ಎಷ್ಟು?

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 250 ವೋಲ್ಟ್ ಮೀರದ ವಿದ್ಯುತ್ತನ್ನೆಲ್ಲ ಕಡಿಮೆ ವೋಲ್ಟೇಜ್ ಎಂದೇ ಕರೆದಿದ್ದರು. ಅಂದರೆ ಪ್ರಾಣ ತೆಗೆಯಬಲ್ಲ ಮನೆಯ 230 ವೋಲ್ಟ್ ಕೂಡ ಆ ಲೆಕ್ಕದಲ್ಲಿ ಕಡಿಮೆಯೇ. ನಾವು ಮಾತಿನಲ್ಲಿ ಹೇಳುವ 12 ಅಥವಾ 24 ವೋಲ್ಟಿಗೆ ತಾಂತ್ರಿಕವಾಗಿ ಅತಿ ಕಡಿಮೆ ವೋಲ್ಟೇಜ್ ಎಂಬ ಬೇರೆ ಹೆಸರಿದೆ. ಸೋಲಾರ್ ಬೇಲಿ ಇವೆರಡರಲ್ಲಿ ಯಾವುದಕ್ಕೂ ಸೇರದು. ಅದರ ಬ್ಯಾಟರಿ 12 ವೋಲ್ಟಿನದಾದರೂ, ಯಂತ್ರದಿಂದ ಬೇಲಿಗೆ ಹೋಗುವ ತಂತಿಯಲ್ಲಿ ಕ್ಷಣಕಾಲ ಹಲವು ಸಾವಿರ ವೋಲ್ಟಿನ ಮಿಡಿತ ಹರಿಯುತ್ತದೆ. ಆ ತಂತಿಯನ್ನು ಕೊಟ್ಟಿಗೆಯೊಳಗೆ ತರಲೇಬಾರದು.

12 ವೋಲ್ಟಿನಿಂದಲೂ ಬೆಂಕಿ ಏಳುತ್ತದೆ

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಬೆಂಕಿ ಹುಟ್ಟಿಸುವುದು ವೋಲ್ಟ್ ಒಂದೇ ಅಲ್ಲ, ತಂತಿಯಲ್ಲಿ ಹರಿಯುವ ಆಂಪಿಯರ್ ಕೂಡ. 9 ವ್ಯಾಟಿನ ದೀಪ 230 ವೋಲ್ಟಿನಲ್ಲಿ ಸುಮಾರು 0.04 ಆಂಪಿಯರ್ ಎಳೆದರೆ, ಅಷ್ಟೇ ವ್ಯಾಟಿನ ದೀಪ 12 ವೋಲ್ಟಿನಲ್ಲಿ 0.75 ಆಂಪಿಯರ್ ಎಳೆಯುತ್ತದೆ. ಇದು ಸುಮಾರು ಹತ್ತೊಂಬತ್ತು ಪಟ್ಟು ಹೆಚ್ಚು. ಆದ್ದರಿಂದ ಬ್ಯಾಟರಿಯ ತಂತಿ ದಪ್ಪ ಇರಬೇಕು. ಆದರೆ ನಾವು ಬಳಸುವುದು ಅತಿ ಸಪೂರ ತಂತಿ. ಇಲಿ ಕಡಿದು ಎರಡು ತಂತಿ ಕೂಡಿಕೊಂಡರೆ ದೊಡ್ಡ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿಯಬಹುದು. ಫ್ಯೂಸ್ ಇಲ್ಲದಿದ್ದರೆ ತಂತಿ ಕೆಂಪಗೆ ಕಾಯುತ್ತದೆ. ಪಕ್ಕದಲ್ಲಿ ಒಣ ಬೈಹುಲ್ಲೋ ದರಗೋ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಗಾಳಿಯ ದಾರಿಯೇ ಹೊಗೆಯ ದಾರಿ

ದೊಡ್ಡ ಕಟ್ಟಡಗಳಲ್ಲಿ ಹವಾನಿಯಂತ್ರಣದ ಗಾಳಿಯನ್ನು ಕೊಳವೆಗಳ ಮೂಲಕ ಒಯ್ಯುತ್ತಾರೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 300.22ನೆಯ ವಿಧಿ ಇಂಥ ಕೊಳವೆಯೊಳಗೆ ತಂತಿ ಎಳೆಯುವುದನ್ನು ಬಿಗಿಯಾಗಿ ನಿರ್ಬಂಧಿಸುತ್ತದೆ. ಗಾಳಿಯನ್ನು ಅಳೆಯುವ ಅಥವಾ ನಿಯಂತ್ರಿಸುವ ಸಾಧನಕ್ಕೆ ಬೇಕಾದಷ್ಟು ತಂತಿಗೆ ಮಾತ್ರ ಅಲ್ಲಿ ಅವಕಾಶ. ಫೋನ್ ಮತ್ತು ಕಂಪ್ಯೂಟರಿನಂಥ ಸಣ್ಣ ವೋಲ್ಟಿನ ತಂತಿಗಳಿಗೂ, ಗಾಳಿ ಸಾಗುವ ಜಾಗದಲ್ಲಿ ಬೆಂಕಿ ಹರಡದ, ಹೊಗೆ ಕಡಿಮೆ ಬಿಡುವ ವಿಶೇಷ ಹೊದಿಕೆ ಕಡ್ಡಾಯ. ಕಾರಣ ಸರಳ. ತಂತಿ ಸುಟ್ಟರೆ ಅದರ ಹೊಗೆಯನ್ನು ಗಾಳಿಯೇ ಕೋಣೆ ಕೋಣೆಗೆ ಹಂಚಿಬಿಡುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಹೋಲುವ ದುರಂತ ನಡೆದಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೇಬಲ್‌ಗಳು ಹಾಯ್ದಿದ್ದ ಕಿಂಡಿಯಲ್ಲಿ ಬೆಂಕಿ ಕಾಣಿಸಿಕೊಂಡು, ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಓಡಬಲ್ಲ ಮನುಷ್ಯರಿಗೇ ಹೀಗಾದರೆ, ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟಿದ ಹಸುವಿನ ಗತಿಯೇನು?

ಮಲೆನಾಡಿನ ಕೊಟ್ಟಿಗೆಯಲ್ಲಿ ಅಪಾಯ ಹೆಚ್ಚು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಮಳೆಗಾಲದ ಥಂಡಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಹೊರಗಿನ ತೇವದ ಜೊತೆಗೆ, ದೊಡ್ಡ ಹಸುವೊಂದು ಉಸಿರು ಮತ್ತು ಮೈಯಿಂದ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಆವಿಯಾಗಿ ಬಿಡುತ್ತದೆ. ಸಗಣಿ, ಗಂಜಲದಿಂದ ಅಮೋನಿಯಾ ಏಳುತ್ತದೆ. ಇವೆಲ್ಲ ಹೊರಹೋಗುವ ಏಕೈಕ ದಾರಿ ಗಾಳಿಕಿಂಡಿ. ಅಲ್ಲಿಯೇ ತಂತಿ ಇದ್ದರೆ ತೇವ ಮತ್ತು ಅಮೋನಿಯಾ ಸೇರಿ ತಾಮ್ರದ ಜೋಡಣೆಯನ್ನು ಕಿಲುಬು ಹಿಡಿಸುತ್ತವೆ. ಕಿಲುಬು ಹಿಡಿದ ಜೋಡಣೆ ಬಿಸಿಯಾಗುತ್ತದೆ. ತಂತಿಗೆ ಜೇಡರ ಬಲೆ, ಹುಲ್ಲಿನ ಎಸಳು ಸಿಕ್ಕಿಕೊಂಡು ಕಿಂಡಿಯೂ ಮುಚ್ಚುತ್ತದೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ಕರುಗಳಿಗೆ ನ್ಯುಮೋನಿಯಾ ಬರುವುದು ಬೇಗ.

ತಂತಿಯ ಪಿ.ವಿ.ಸಿ. ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಇದು ಶ್ವಾಸನಾಳದ ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ. ದನಗಳ ಶ್ವಾಸಕೋಶ ಅವುಗಳ ದೇಹದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಆದ್ದರಿಂದ ಅವು ಹೊಗೆಯನ್ನು ಹೆಚ್ಚು ಹೊತ್ತು ತಾಳಲಾರವು.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಗಾಳಿಕಿಂಡಿಯನ್ನು ಗಾಳಿಗೇ ಬಿಡಿ. ತಂತಿಗೆ ಗೋಡೆಯಲ್ಲಿ ಬೇರೆ ತೂತು ಮಾಡಿ, ಪೈಪು ಹಾಕಿ, ಸುತ್ತಲಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿ. ಪೈಪಿನ ಹೊರತುದಿ ಕೆಳಮುಖವಾಗಿರಲಿ, ಮಳೆನೀರು ಒಳಗೆ ಇಳಿಯದು.

2. 230 ವೋಲ್ಟಿನ ತಂತಿಯನ್ನೂ 12 ವೋಲ್ಟಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಹಾಕಬೇಡಿ. ಹೊದಿಕೆ ಸವೆದು ಎರಡೂ ತಾಗಿದರೆ, ಅಪಾಯವಿಲ್ಲವೆಂದು ಮುಟ್ಟಿದ ತಂತಿಯಲ್ಲಿ 230 ವೋಲ್ಟ್ ಇರುತ್ತದೆ.

3. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಇರಲಿ. 9 ವ್ಯಾಟಿನ ಮೂರು ದೀಪಗಳಿಗೆ 3 ಆಂಪಿಯರ್ ಫ್ಯೂಸ್ ಸಾಕು. ಹಾರಿದ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬೇಡಿ.

4. ಹುಲ್ಲಿನ ಅಟ್ಟದಲ್ಲಿ ಯಾವ ತಂತಿಯೂ ಬೇಡ. ಅನಿವಾರ್ಯವಾದರೆ ಪೈಪಿನೊಳಗೆ, ನಡುವೆ ಜೋಡಣೆ ಇಲ್ಲದೆ ಎಳೆಯಿಸಿ.

5. ಕೊಟ್ಟಿಗೆಯ 230 ವೋಲ್ಟಿನ ಸಂಪರ್ಕಕ್ಕೆ 30 ಮಿಲಿ ಆಂಪಿಯರಿನ ಸೋರಿಕೆ ನಿರೋಧಕ ಸ್ವಿಚ್ ಮತ್ತು ಸರಿಯಾದ ಅರ್ತಿಂಗ್ ಇರಲೇಬೇಕು. ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

6. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಕಂಬದಿಂದ ಬರುವ ತಂತಿಯಲ್ಲಿ ತೊಂದರೆ ಇದ್ದರೆ ಮೆಸ್ಕಾಂನ 1912 ಸಂಖ್ಯೆಗೆ ತಿಳಿಸಿ.

ಹೊಗೆ ತುಂಬಿದರೆ

ಮೊದಲು ಮೈನ್ ಸ್ವಿಚ್ ಆರಿಸಿ, ನಂತರ ಹಗ್ಗ ಕೊಯ್ದು ಜಾನುವಾರುಗಳನ್ನು ಹೊರಗೆ ಅಟ್ಟಿ. ಇದಕ್ಕಾಗಿ ಕೊಟ್ಟಿಗೆಯ ಬಾಗಿಲ ಬಳಿ ಒಂದು ಕತ್ತಿ ಸದಾ ಇರಲಿ. ಹೊರಬಂದ ಹಸುವಿಗೆ ಗೊಟ್ಟದಲ್ಲಿ ನೀರನ್ನಾಗಲಿ ಔಷಧವನ್ನಾಗಲಿ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಆ ದಿನ ಮೇವು ತಿಂದು ಚೆನ್ನಾಗಿಯೇ ಇದ್ದ ಹಸುವಿಗೂ ಒಂದೆರಡು ದಿನ ಕಳೆದು ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರಬಹುದು. ಆದ್ದರಿಂದ ಎರಡು ಮೂರು ದಿನ ಕಣ್ಣಿಟ್ಟು ನೋಡಬೇಕು.

ಬರುವ ಮಳೆಗಾಲಕ್ಕೆ ಮುನ್ನ ಪ್ರತಿಯೊಬ್ಬ ಸದಸ್ಯರೂ ಹಗಲು ಹೊತ್ತಿನಲ್ಲಿ ಒಮ್ಮೆ ಕೊಟ್ಟಿಗೆಯ ಕಿಂಡಿ ಮತ್ತು ಅಟ್ಟದ ಸಂದಿಗಳನ್ನು ನೋಡಿಬರಬೇಕು. ಅಲ್ಲಿ ತಂತಿ ಇದ್ದರೆ ತೆಗೆಸಲು ಒಂದು ದಿನದ ಕೆಲಸ, ಕೆಲವು ಅಡಿ ಪೈಪು ಸಾಕು.