ಗ್ಯಾರೇಜಿಗೆ ಬಿಟ್ಟ ಕಾರು ಕಳುವಾದರೆ ಹೊಣೆ ಯಾರದು?

ಯಜಮಾನರಿಗೆ ಆಫೀಸಿನ ಗಡಿಬಿಡಿ, ಮಕ್ಕಳಿಗೆ ಸ್ಕೂಲ್ ವ್ಯಾನಿನ ಆತುರ. ಹಾಗಾಗಿ ಕಾರನ್ನೋ ಸ್ಕೂಟರನ್ನೋ ಸರ್ವೀಸಿಗೆ ಬಿಡುವ ಕೆಲಸ ಬಹಳ ಮನೆಗಳಲ್ಲಿ ಈಗ ಗೃಹಿಣಿಯರ ಪಾಲಿಗೇ ಬಂದಿದೆ. ತರಕಾರಿ ತರಲು ಹೋಗುವಾಗ ದಾರಿಯಲ್ಲಿ ಗ್ಯಾರೇಜಿನ ಹುಡುಗನ ಕೈಗೆ ಕೀ ಕೊಟ್ಟು, "ಬ್ರೇಕ್ ಸ್ವಲ್ಪ ನೋಡಪ್ಪಾ, ಸಾಯಂಕಾಲ ಬರ್ತೀನಿ" ಅಂದು ಆಟೊ ಹತ್ತಿ ಮನೆಗೆ ಬರುತ್ತೀರಿ. ಚೀಟಿ ಇಲ್ಲ, ರಸೀತಿ ಇಲ್ಲ. ವರ್ಷಗಟ್ಟಲೆ ಪರಿಚಯದ ಮೆಕ್ಯಾನಿಕ್, ನಂಬಿಕೆ ಅಷ್ಟೇ.

ಸಾಯಂಕಾಲ ಹೋದಾಗ ಅವನು ತಲೆ ಕೆರೆದುಕೊಳ್ಳುತ್ತಾ "ಏನ್ ಹೇಳ್ಲಿ ಅಕ್ಕಾ, ಮಧ್ಯಾಹ್ನ ಊಟಕ್ಕೆ ಹೋಗಿದ್ವಿ, ಯಾರೋ ಗಾಡಿ ಎತ್ಕೊಂಡು ಹೋಗ್ಬಿಟ್ಟಿದ್ದಾರೆ" ಎಂದರೆ? ಜತೆಗೆ ಗೋಡೆಯ ಮೇಲಿನ ಬೋರ್ಡಿನತ್ತ ಕೈ ತೋರಿಸಿದರೆ? 'ವಾಹನಗಳ ಕಳವು, ಹಾನಿಗೆ ನಾವು ಜವಾಬ್ದಾರರಲ್ಲ' ಎಂಬ ಆ ಬೋರ್ಡನ್ನು ನೋಡಿ ಎಷ್ಟೋ ಜನ ಅಲ್ಲಿಗೇ ಕೈಚೆಲ್ಲಿ ಕೂರುತ್ತಾರೆ. ಕಾರು ಹೋದರೂ ಬ್ಯಾಂಕಿನ ಸಾಲದ ಕಂತು ನಿಲ್ಲುವುದಿಲ್ಲವಲ್ಲ! ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನನ್ನುತ್ತದೆ ಎಂಬುದನ್ನು ನಾವು ಮೊದಲೇ ತಿಳಿದಿರುವುದು ಒಳ್ಳೆಯದು.

ಬ್ಲೌಸ್ ಪೀಸಿಗೂ ಕಾರಿಗೂ ಒಂದೇ ಕಾನೂನು

ಟೈಲರ್‌ಗೆ ಬ್ಲೌಸ್ ಪೀಸ್ ಕೊಡುತ್ತೀರಿ, ಅಕ್ಕಸಾಲಿಗರಿಗೆ ತುಂಡಾದ ಸರ ಕೊಡುತ್ತೀರಿ, ಡ್ರೈ ಕ್ಲೀನಿಂಗ್‌ಗೆ ರೇಷ್ಮೆ ಸೀರೆ ಕೊಡುತ್ತೀರಿ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಎಂಬ ಒಪ್ಪಂದದ ಮೇಲೆ ನಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವುದಕ್ಕೆ ಕಾನೂನಿನವರು 'ಬೈಲ್‌ಮೆಂಟ್' ಅನ್ನುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಂ ಇದನ್ನು ವಿವರಿಸುತ್ತದೆ. ಗ್ಯಾರೇಜಿಗೆ ಬಿಟ್ಟ ಕಾರೂ ಇದೇ ಲೆಕ್ಕಕ್ಕೆ ಬರುತ್ತದೆ.

ಇದೇ ಕಾಯ್ದೆಯ 151ನೇ ಕಲಂ ಪ್ರಕಾರ, ಸಾಧಾರಣ ವಿವೇಕವಿರುವ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ಗ್ಯಾರೇಜಿನವರು ನಿಮ್ಮ ಕಾರಿನ ವಿಷಯದಲ್ಲಿ ಮಾಡಲೇಬೇಕು. ಕೀಯನ್ನು ಕಾರಿನಲ್ಲೇ ಬಿಟ್ಟು ಟೀ ಕುಡಿಯಲು ಹೋಗುವುದು, ರಾತ್ರಿ ಶಟರ್ ಎಳೆದು ಕಾರನ್ನು ಮಾತ್ರ ರಸ್ತೆಯಲ್ಲಿ ಬಿಡುವುದು, ಎಲ್ಲರ ಕೀಗಳನ್ನೂ ಹೊರಗಿನವರ ಕೈಗೆ ಸಿಗುವಂತೆ ಮೊಳೆಗೆ ನೇತು ಹಾಕುವುದು, ಇವೆಲ್ಲ ಜೋಪಾನದ ಲಕ್ಷಣಗಳಲ್ಲ. ತನ್ನ ಸ್ವಂತ ಕಾರನ್ನು ಅವನು ಹಾಗೆ ಬಿಡುತ್ತಿದ್ದನೇ ಎಂದು ಕೇಳಿಕೊಂಡರೆ ಸಾಕು, ಉತ್ತರ ಸಿಗುತ್ತದೆ.

ಹಾಗಂತ ಗ್ಯಾರೇಜಿನವರು ಎಲ್ಲ ಕಳ್ಳತನಕ್ಕೂ ಹೊಣೆ ಎಂದಲ್ಲ. 152ನೇ ಕಲಂ ಅವರಿಗೂ ರಕ್ಷಣೆ ಕೊಟ್ಟಿದೆ. ಗೇಟಿಗೆ ಬೀಗ ಹಾಕಿ, ಕೀಗಳನ್ನು ಒಳಗೆ ಭದ್ರವಾಗಿಟ್ಟು, ಕಾವಲಿಗೆ ಜನ ಇಟ್ಟಿದ್ದರೂ ಕಳ್ಳರು ಬೀಗ ಒಡೆದು ಗಾಡಿ ಒಯ್ದರೆ, ವಿಶೇಷ ಒಪ್ಪಂದವೇನೂ ಇಲ್ಲದಿದ್ದಲ್ಲಿ ಅವರು ಹೊಣೆಯಾಗುವುದಿಲ್ಲ.

ಇನ್ನೆರಡು ಕಲಂಗಳೂ ಉಪಯೋಗಕ್ಕೆ ಬರುತ್ತವೆ. ನಿಮ್ಮನ್ನು ಕೇಳದೆ ಗ್ಯಾರೇಜಿನ ಹುಡುಗ ನಿಮ್ಮ ಕಾರಿನಲ್ಲಿ ಸಿನಿಮಾಕ್ಕೆ ಹೋಗಿ ಎಲ್ಲಾದರೂ ಗುದ್ದಿಸಿಕೊಂಡು ಬಂದರೆ, 154ನೇ ಕಲಂ ಪ್ರಕಾರ ಆ ನಷ್ಟ ಗ್ಯಾರೇಜಿನವರದು. 'ಶುಕ್ರವಾರ ಕೊಡ್ತೀವಿ' ಎಂದು ಹೇಳಿ ತಮ್ಮದೇ ತಪ್ಪಿನಿಂದ ಕೊಡದೆ ಸೋಮವಾರದವರೆಗೆ ಎಳೆದು, ಭಾನುವಾರ ರಾತ್ರಿ ಗಾಡಿ ಕಳುವಾದರೆ 161ನೇ ಕಲಂ ನಿಮ್ಮ ಪರ ನಿಲ್ಲುತ್ತದೆ.

ಅವರಿಗೂ ಒಂದು ಹಕ್ಕಿದೆ ಎಂಬುದನ್ನು ಮರೆಯಬೇಡಿ. ಮಾಡಿದ ಕೆಲಸದ ಕೂಲಿ ಕೊಡುವವರೆಗೆ ಗಾಡಿಯನ್ನು ತಡೆದಿಟ್ಟುಕೊಳ್ಳಲು 170ನೇ ಕಲಂ ಅವಕಾಶ ಕೊಡುತ್ತದೆ. ಹಾಗೆ ತಡೆದಿಟ್ಟುಕೊಂಡಾಗಲೂ ಜೋಪಾನ ಮಾಡುವ ಹೊಣೆ ತಪ್ಪುವುದಿಲ್ಲ.

ಆ ಬೋರ್ಡಿಗೆ ಬೆಲೆ ಇದೆಯೇ?

ಇದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಚೆನ್ನಾಗಿ ಉತ್ತರ ಹೇಳುತ್ತದೆ. 1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಝೆನ್ ಕಾರಿನಲ್ಲಿ ಬಂದರು. ಪಾರ್ಕ್ ಮಾಡುವಂತೆ ಹೋಟೆಲಿನ ಸಿಬ್ಬಂದಿಗೆ ಕೀ ಕೊಟ್ಟು, ಚೀಟಿ ಪಡೆದು ಒಳಗೆ ಹೋದರು. ಮಧ್ಯರಾತ್ರಿ ಕಳೆದು ಹೊರಬಂದರೆ ಕಾರು ಇಲ್ಲ! ಬೇರೆ ಯಾರೋ ಕೀ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿ ಮಾಲೀಕರಿಗೆ 2.80 ಲಕ್ಷ ರೂ. ಕೊಟ್ಟು, ಆಮೇಲೆ ಅವರ ಜತೆ ಸೇರಿ ಹೋಟೆಲಿನ ಮೇಲೆ ಗ್ರಾಹಕ ದೂರು ಹಾಕಿತು. ಪಾರ್ಕಿಂಗ್ ಚೀಟಿಯಲ್ಲಿ 'ಮಾಲೀಕರದೇ ಜವಾಬ್ದಾರಿ' ಎಂದು ಅಚ್ಚು ಹಾಕಿಸಿದ್ದೇವಲ್ಲ ಎಂಬುದು ಹೋಟೆಲಿನವರ ವಾದ.

2019ರ ನವೆಂಬರ್ 14ರಂದು ನ್ಯಾಯಮೂರ್ತಿಗಳಾದ ಕರ್ನಾಟಕ ಮೂಲದ ಮೋಹನ್ ಶಾಂತನಗೌಡರ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ತೀರ್ಪು ಕೊಟ್ಟಿತು. ಅದರ ಸಾರ ಇಷ್ಟು: ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅದನ್ನು ವಾಪಸ್ ಕೊಡಲಾಗದಿದ್ದರೆ, ತಮ್ಮ ಕಡೆ ನಿರ್ಲಕ್ಷ್ಯ ಇರಲಿಲ್ಲ ಎಂದು ತೋರಿಸಬೇಕಾದವರು ವಶಕ್ಕೆ ಪಡೆದವರೇ. ತಮ್ಮ ಅಥವಾ ತಮ್ಮ ನೌಕರರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಚೀಟಿಯ ಮೇಲಿನ ಅಂಥ ಸಾಲನ್ನು ತೋರಿಸಿ ನುಣುಚಿಕೊಳ್ಳಲಾಗದು. ಹೋಟೆಲ್ ಪರಿಹಾರ ಕೊಡಬೇಕಾಯಿತು.

ತೀರ್ಪು ಹೋಟೆಲಿನದಾದರೂ ಅದು ನಿಂತಿರುವುದು ಇದೇ ಬೈಲ್‌ಮೆಂಟ್ ತತ್ವದ ಮೇಲೆ. ಹಾಗಾಗಿ ಗ್ಯಾರೇಜಿನ ಬೋರ್ಡ್ ನೋಡಿ ಹೆದರಬೇಕಾಗಿಲ್ಲ.

ಒಂದು ಎಚ್ಚರಿಕೆ. 'ವಶಕ್ಕೆ ಕೊಟ್ಟೆ' ಎಂಬುದನ್ನು ಮಾತ್ರ ನೀವೇ ತೋರಿಸಬೇಕು. ಮೆಕ್ಯಾನಿಕ್ ನಿಮ್ಮ ಮನೆ ಗೇಟಿನ ಮುಂದೆಯೇ ರಿಪೇರಿ ಮಾಡಿ ಕೀ ಕೊಟ್ಟು ಹೋದರೆ ಗಾಡಿ ಅವನ ವಶದಲ್ಲಿರಲಿಲ್ಲ. ಮುಚ್ಚಿದ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಶಟರಿನ ಕೆಳಗೆ ಕೀ ತೂರಿಸಿ ಬಂದರೂ 'ನಮಗೆ ಕೊಟ್ಟೇ ಇಲ್ಲ' ಎನ್ನಲು ದಾರಿಯಾಗುತ್ತದೆ.

ಕಾರು ಕೊಡುವಾಗ ಇಷ್ಟು ಮಾಡಿ

* ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಅದರಲ್ಲಿ ಗಾಡಿ ನಂಬರ್, ದಿನಾಂಕ, ಓಡಿರುವ ಕಿಲೋಮೀಟರ್, ವಾಪಸ್ ಕೊಡುವ ದಿನ ಇರಲಿ. ಸಣ್ಣ ಗ್ಯಾರೇಜಿನಲ್ಲಿ ಅದಿಲ್ಲದಿದ್ದರೆ ಅಲ್ಲೇ ನಿಂತು 'ಕಾರು, ಕೀ ನಿಮಗೆ ಕೊಟ್ಟಿದ್ದೇನೆ, ಗುರುವಾರ ವಾಪಸ್' ಎಂದು ವಾಟ್ಸ್‌ಆ್ಯಪ್ ಮಾಡಿ. 'ಸರಿ ಮೇಡಂ' ಎಂಬ ಅವರ ಉತ್ತರವೇ ನಿಮ್ಮ ರಸೀತಿ.
* ಗ್ಯಾರೇಜಿನೊಳಗೆ ಕಾರು ನಿಂತಿರುವಂತೆ, ಕಿಲೋಮೀಟರ್ ಕಾಣುವಂತೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ.
* ಕೀ ಗೊಂಚಲನ್ನು ಹಾಗೇ ಕೊಡಬೇಡಿ. ಮನೆ ಬಾಗಿಲಿನ ಕೀ, ಬೀರು ಕೀ, ಬ್ಯಾಂಕ್ ಲಾಕರ್ ಕೀ ಎಲ್ಲ ಅದರಲ್ಲೇ ಇರುತ್ತವೆ, ವಿಳಾಸ ಕಾರಿನೊಳಗಿನ ಕಾಗದದಲ್ಲಿರುತ್ತದೆ. ಕಳ್ಳನಿಗೆ ಇನ್ನೇನು ಬೇಕು? ಕಾರಿನ ಒಂದು ಕೀ ಮಾತ್ರ ಕೊಟ್ಟು, ಎರಡನೆಯದನ್ನು ಮನೆಯಲ್ಲಿಡಿ.
* ಕಾರಿನೊಳಗಿನ ಹಣ, ಒಡವೆ, ಚೆಕ್ ಪುಸ್ತಕ, ಮೂಲ ದಾಖಲೆಗಳನ್ನು ತೆಗೆದುಬಿಡಿ.
* ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ರಸ್ತೆಯಲ್ಲಿ ಎಂದರೆ, ಒಳಗೆ ಜಾಗವಾದ ದಿನವೇ ತರುತ್ತೇನೆ ಎಂದು ಹೇಳಿ. ಇದರಲ್ಲಿ ಸಂಕೋಚ ಬೇಡ.
* ಮನೆಗೇ ಬಂದು ಕಾರು ಒಯ್ಯುವ ಹುಡುಗನ ಗುರುತಿನ ಚೀಟಿ ನೋಡಿ, ಸರ್ವೀಸ್ ಸೆಂಟರಿಗೆ ನೀವೇ ಫೋನ್ ಮಾಡಿ ಖಚಿತ ಮಾಡಿಕೊಂಡ ಮೇಲೆಯೇ ಕೀ ಕೊಡಿ.
* 'ಗಾಡಿ ರೆಡಿ' ಎಂದು ಫೋನ್ ಬಂದ ಮೇಲೆ ವಾರಗಟ್ಟಲೆ ಬಿಡಬೇಡಿ. ತಡ ಮಾಡಿದಷ್ಟೂ ನಿಮ್ಮ ವಾದ ದುರ್ಬಲವಾಗುತ್ತದೆ.

ಕಳುವಾಗಿಯೇ ಬಿಟ್ಟರೆ?

ಮೊದಲ ಹೆಜ್ಜೆ ಪೊಲೀಸ್ ಠಾಣೆ. 'ಎರಡು ದಿನ ಹುಡುಕೋಣ, ಆಮೇಲೆ ನೋಡೋಣ ಅಕ್ಕಾ' ಎಂಬ ಮಾತಿಗೆ ಒಪ್ಪಬೇಡಿ. ಕಾರು ಯಾರ ವಶದಲ್ಲಿದ್ದಾಗ ಹೋಯಿತು ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನ 303ನೇ ಕಲಂ ಅಡಿ ಬರುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು. ಕದ್ದ ಕಾರಿನಿಂದ ಯಾರಿಗಾದರೂ ಅಪಘಾತವಾದರೆ ನಿಮ್ಮನ್ನು ಕಾಪಾಡುವುದು ಈ ದೂರಿನ ದಿನಾಂಕವೇ.

ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕಳವಿನ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಆದರೂ ನಾವೇಕೆ ತಡ ಮಾಡಬೇಕು, ಅಲ್ಲವೇ? ವಿಮೆಯವರು ಎರಡೂ ಕೀ, ಆರ್‌ಸಿ, ಪಾಲಿಸಿ, ಎಫ್‌ಐಆರ್, ಕೊನೆಗೆ 'ವಾಹನ ಪತ್ತೆಯಾಗಿಲ್ಲ' ಎಂಬ ಪೊಲೀಸ್ ವರದಿ ಕೇಳುತ್ತಾರೆ. ಒಂದು ಕೀ ಗ್ಯಾರೇಜಿಗೆ ಕೊಟ್ಟಿದ್ದೆ ಎಂಬುದಕ್ಕೆ ಜಾಬ್ ಕಾರ್ಡ್ ಆಗ ಬೆಲೆ ಬಾಳುತ್ತದೆ. ನೆನಪಿಡಿ, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳವಿಗೆ ಒಂದು ಪೈಸೆಯೂ ಬರುವುದಿಲ್ಲ. ಸಾಲದ ಕಾರಾದರೆ ಬ್ಯಾಂಕಿಗೂ ತಿಳಿಸಿ. ಆರ್‌ಟಿಒಗೆ ಪತ್ರ ಕೊಡಿ, ಫಾಸ್ಟ್ಯಾಗ್ ನಿಲ್ಲಿಸಿ.

ವಿಮೆ ಬಂತೆಂದರೆ ಗ್ಯಾರೇಜಿನವರು ಬಚಾವ್ ಎಂದುಕೊಳ್ಳಬೇಡಿ. ತಾಜ್ ಪ್ರಕರಣದಲ್ಲಿ ಆದಂತೆ ವಿಮಾ ಕಂಪನಿ ನಿಮ್ಮ ಹಕ್ಕನ್ನು ಬರೆಸಿಕೊಂಡು ಅವರಿಂದ ವಸೂಲಿಗೆ ಹೋಗಬಹುದು. ಆದ್ದರಿಂದ ಗ್ಯಾರೇಜಿನವರು ಸ್ವಲ್ಪ ಹಣ ಕೊಟ್ಟು 'ಇನ್ನೇನೂ ಬಾಕಿ ಇಲ್ಲ' ಎಂದು ಸಹಿ ಕೇಳಿದರೆ, ವಿಮೆಯವರನ್ನು ವಿಚಾರಿಸದೆ ಸಹಿ ಹಾಕಬೇಡಿ.

ಗ್ರಾಹಕ ಆಯೋಗಕ್ಕೆ ಹೋಗುವುದು ಕಷ್ಟವಲ್ಲ

ವಿಮೆ ಇಲ್ಲದಿದ್ದರೆ, ಅಥವಾ ನಷ್ಟ ಪೂರ್ತಿ ತುಂಬದಿದ್ದರೆ, ಮೊದಲು ಗ್ಯಾರೇಜಿಗೆ ಒಂದು ನೋಟಿಸ್ ಕೊಡಿ. ಇಂಥ ದಿನ ಕಾರು ಒಪ್ಪಿಸಿದೆ, ವಾಪಸ್ ಬಂದಿಲ್ಲ, ಇಷ್ಟು ನಷ್ಟವಾಗಿದೆ, ಹದಿನೈದು ದಿನದಲ್ಲಿ ಕೊಡಿ ಎಂದು ಸರಳ ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಘಟನೆಯಾದ 2 ವರ್ಷದೊಳಗೆ ಕೊಡಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಕಡ್ಡಾಯವಲ್ಲ. ಸೇವೆಗೆ ನೀಡಿದ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವೂ ಇಲ್ಲ. ರಿಪೇರಿ ಬಿಲ್ ಅಷ್ಟು ಆಗುವುದುಂಟೇ! ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದೇಶವಾದರೂ ಗ್ಯಾರೇಜಿನವರು ಹಣ ಕೊಡದೆ ಸತಾಯಿಸಿದರೆ? ಆಯೋಗದ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು 72ನೇ ಕಲಂನಲ್ಲಿ ಅವಕಾಶವಿದೆ.

ಪರಿಚಯದವನ ಮೇಲೆ ದೂರು ಹೇಗೆ ಕೊಡಲಿ?

ಹೆಚ್ಚಿನವರನ್ನು ಕಾಡುವುದು ಕಾನೂನಲ್ಲ, ಈ ದಾಕ್ಷಿಣ್ಯ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಪಂಕ್ಚರ್ ಹಾಕಲು ಬಂದವನು, ಹೆಂಡತಿ ಮಕ್ಕಳಿರುವವನು, ಅವನೂ ದುಡಿದು ತಿನ್ನುವವನು. ಅವನ ಮೇಲೆ ಕೇಸ್ ಹಾಕುವುದೇ ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ಠಾಣೆಯ ದೂರು ಅವನ ಮೇಲಲ್ಲ, ಕಳ್ಳನ ಮೇಲೆ. ದೂರು ಕೊಡದಿದ್ದರೆ ವಿಮೆಯೂ ಸಿಗದೆ ನಿಮ್ಮ ಮನೆಯ ಉಳಿತಾಯವೇ ಹೋಗುತ್ತದೆ. ನಷ್ಟದ ಮಾತಿಗೆ ಬಂದಾಗ ಕಂತಿನಲ್ಲಿ ಕೊಡುವಂತೆ ಬರವಣಿಗೆಯಲ್ಲಿ ಒಪ್ಪಿಕೊಳ್ಳಬಹುದು. ಗ್ರಾಹಕ ಆಯೋಗದಲ್ಲೂ ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೆ ಅವಕಾಶವಿದೆ. ಕರುಣೆ ತೋರಿಸಿ, ತಪ್ಪಿಲ್ಲ. ಆದರೆ ಕಾಗದದ ಮೇಲೆ ತೋರಿಸಿ.

ಮುಂದಿನ ಸಲ ಗಾಡಿ ಸರ್ವೀಸಿಗೆ ಬಿಡುವ ಮುನ್ನ ಇವತ್ತೇ ಮಾಡಬಹುದಾದ ಎರಡು ಕೆಲಸಗಳಿವೆ. ನಿಮ್ಮ ಪಾಲಿಸಿ ತೆಗೆದು ಕಳವಿಗೆ ರಕ್ಷಣೆ ಇದೆಯೇ ನೋಡಿ. ಹಾಗೇ ಕಾರಿನ ಎರಡನೇ ಕೀ ಎಲ್ಲಿದೆ ಎಂದು ಹುಡುಕಿ ಬೀರುವಿನಲ್ಲಿಡಿ.